ತಂತಿಬಲೆಯ ಒಳಗಿನ ಮನೆ

ಗ್ರೀಸ್ ದೇಶಕ್ಕೆ ಸೇರಿದ ಕಿಯೋಸ್ ದ್ವೀಪದಲ್ಲಿ ವ್ರೊಂಟಾಡೋಸ್ ಎಂಬ ಕಡಲಯಾನಿಗಳ ಊರಿದೆ. ಅಲ್ಲಿ ಸಂತ ಮಾರ್ಕರ ದೇವಾಲಯವೂ ಎರಿಥಿಯಾನಿ ಮಾತೆಯ ದೇವಾಲಯವೂ ಸುಮಾರು 400 ಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತಿವೆ. ಆರ್ಥೊಡಾಕ್ಸ್ ಪಾಸ್ಖದ ಹಿಂದಿನ ರಾತ್ರಿ, ಒಳಗೆ ಪುನರುತ್ಥಾನದ ಆರಾಧನೆ ನಡೆಯುತ್ತಿರುವಾಗಲೇ, ಹೊರಗೆ ಎರಡೂ ಧರ್ಮಕೇಂದ್ರಗಳವರು ತಾವೇ ತಯಾರಿಸಿದ ಸಾವಿರಾರು ಬಾಣಬಿರುಸುಗಳನ್ನು ಪರಸ್ಪರರ ಘಂಟಾಗೋಪುರದತ್ತ ಹಾರಿಸುತ್ತಾರೆ. ಎದುರಿನ ಗಂಟೆಗೆ ಹೆಚ್ಚು ಬಾರಿ ತಗುಲಿಸಿದವರದು ಗೆಲುವು.

ಬೆಳಗಾದ ಮೇಲೆ ಎರಡೂ ಕಡೆಯವರು ತಾವೇ ಗೆದ್ದೆವೆನ್ನುತ್ತಾರೆ. ತೀರ್ಪನ್ನು ಮುಂದಿನ ವರ್ಷಕ್ಕೆ ಬಿಡುತ್ತಾರೆ. ಈ ಆಚರಣೆಯ ತಿರುಳೇ ಇದೆಂದು ನನ್ನ ಎಣಿಕೆ. ಲೆಕ್ಕ ಚುಕ್ತಾ ಆಗದಿರುವುದರಿಂದಲೇ ಅದು ಕಾಳಗವಾಗದೆ ಆಟವಾಗಿ ಉಳಿದಿದೆ. ಎರಡು ದೇವಾಲಯಗಳ ನಡುವಣ ಪೈಪೋಟಿ ನಮಗೂ ಅಪರಿಚಿತವಲ್ಲ. ಅದನ್ನು ವರ್ಷಕ್ಕೊಂದು ರಾತ್ರಿಗೆ ಕಟ್ಟಿಹಾಕಿದವರ ಜಾಣ್ಮೆ ಮೆಚ್ಚತಕ್ಕದ್ದೇ.

ಆದರೆ ಆಟವು ಆಟವಾಗುವುದು ಆಡಲು ಒಪ್ಪಿದವರಿಗೆ ಮಾತ್ರ. ಆ ಊರಿನಲ್ಲಿ ದೇವಾಲಯಗಳಿಗಷ್ಟೇ ಅಲ್ಲ, ಸುತ್ತಲಿನ ಮನೆಗಳಿಗೂ ತಂತಿಬಲೆ ಹೊದಿಸಬೇಕಾಗುತ್ತದೆ. ಹಸುಗೂಸಿರುವ ಮನೆ, ಹಾಸಿಗೆ ಹಿಡಿದ ವೃದ್ಧರಿರುವ ಮನೆ ಆ ಬಲೆಯೊಳಗೆ ಇರಬಾರದೆಂದೇನೂ ಇಲ್ಲವಲ್ಲ! 2016ರಲ್ಲಿ ನಿವಾಸಿಗಳ ದೂರಿನಿಂದಾಗಿ ಬಾಣಗಳ ಕಾಳಗ ನಿಂತಿತು. ಬಳಿಕ ಮತ್ತೆ ನಡೆಯಿತು. ದೂರಿತ್ತವರನ್ನು ಸಂಪ್ರದಾಯದ ವೈರಿಗಳೆಂದು ತಳ್ಳಿಹಾಕುವುದು ಸುಲಭ. ಅವರೂ ಅದೇ ಊರಿನವರಲ್ಲವೇ? ಹಬ್ಬವು ಅವರದೂ ಅಲ್ಲವೇ?

‘ಹಿರಿಯರ ಪದ್ಧತಿ, ಮುಟ್ಟಬಾರದು’ ಎಂಬ ಮಾತನ್ನು ಎಲ್ಲ ಊರುಗಳಲ್ಲೂ ಕೇಳುತ್ತೇವೆ. ವ್ರೊಂಟಾಡೋಸಿನ ಹಿರಿಯರು ಮೊದಲು ಸಣ್ಣ ಫಿರಂಗಿಗಳನ್ನೇ ಹಾರಿಸುತ್ತಿದ್ದರಂತೆ. ದ್ವೀಪವು ಒಟ್ಟೋಮನ್ ತುರ್ಕರ ಆಳ್ವಿಕೆಯಲ್ಲಿದ್ದ 1889ರಲ್ಲಿ ಅಧಿಕಾರಿಗಳು ಅವನ್ನು ತಡೆದಾಗ ಬಾಣಬಿರುಸು ಬಂತೆಂದು ಹೇಳುತ್ತಾರೆ. ಫಿರಂಗಿ ಹೋಯಿತು, ಹಬ್ಬ ಹೋಗಲಿಲ್ಲ. ಪರಕೀಯ ದೊರೆಯ ಅಂಜಿಕೆಯಿಂದ ಬದಲಾಗಬಲ್ಲ ಪದ್ಧತಿಯು ನೆರೆಮನೆಯ ಮುದುಕಿಯ ನಿದ್ರೆಗಾಗಿ ಬದಲಾಗಲಾರದೆ? ದಂಡನೆಗೆ ಮಣಿದವರು ದಯೆಗೆ ಮಣಿಯಲಾರೆವೆಂದರೆ, ಅದನ್ನು ಹಿರಿಯರ ಮೇಲಿನ ಗೌರವವೆಂದು ಹೇಗೆ ಕರೆಯೋಣ?

ನಿಲ್ಲಿಸಿಬಿಡಿ ಎಂದು ದೂರದಲ್ಲಿ ಕುಳಿತು ಹೇಳುವುದು ನನಗೆ ಸಲ್ಲದು. ಎಷ್ಟು ಬಾಣ, ಯಾವ ದಿಕ್ಕಿಗೆ, ಎಷ್ಟು ಹೊತ್ತಿನವರೆಗೆ ಎಂಬುದನ್ನು ಗೊತ್ತುಮಾಡುವ ಕೂಟದಲ್ಲಿ ತಂತಿಬಲೆಯ ಒಳಗಿನವರಿಗೂ ಒಂದು ಕುರ್ಚಿ ಇರಬೇಕೆಂಬುದಷ್ಟೇ ನನ್ನ ವಾದ. ಅವರು ಒಂದು ವರ್ಷ ಬೇಡವೇ ಬೇಡವೆಂದರೆ? ಉತ್ತರ ಕಠಿಣ. ಆದರೂ ಆ ವರ್ಷದ ಮಟ್ಟಿಗೆ ಗಂಟೆಯನ್ನು ಕೈಯಿಂದಲೇ ಬಾರಿಸುವುದು ಮೇಲೆಂದು ನನಗೆ ತೋರುತ್ತದೆ.