ಬರಿದಾದ ಚೀಲ ಮತ್ತು ಶ್ರಾವಕನ ಹೊಣೆ

ವಸ್ತುವೊಂದರ ಉಪಯೋಗ ಮುಗಿದ ಮಾತ್ರಕ್ಕೆ ಅದರ ಮೇಲಿನ ನಮ್ಮ ಹೊಣೆಯೂ ಮುಗಿಯುವುದೇ? ವಾಣಿಜ್ಯಶಾಸ್ತ್ರವು ಇದಕ್ಕೆ ಸುಲಭವಾಗಿ ಉತ್ತರಿಸುತ್ತದೆ. ವರ್ಷವರ್ಷವೂ ಸವಕಳಿಯನ್ನು ಕಳೆಯುತ್ತ ಬಂದು, ಬೆಲೆ ಸೊನ್ನೆಯಾದಾಗ ವಸ್ತುವನ್ನು ಲೆಕ್ಕದ ಪುಸ್ತಕದಿಂದ ತೆಗೆದುಹಾಕುತ್ತೇವೆ. ಆದರೆ ಪುಸ್ತಕದಿಂದ ಹೋದದ್ದು ಲೋಕದಿಂದ ಹೋಗುವುದಿಲ್ಲ. ಪಶು ಆಹಾರದ ಖಾಲಿ ಚೀಲವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಮಾಚೇನಹಳ್ಳಿಯಲ್ಲಿ ಹಾಲು ಒಕ್ಕೂಟದ ಡೇರಿಯಿದೆ. ಶಿಕಾರಿಪುರದಲ್ಲಿ ಹಾಲು ಮಹಾಮಂಡಳದ ಪಶು ಆಹಾರ ಘಟಕವಿದೆ. ಸುತ್ತಲಿನ ಊರುಗಳಿಂದ ಹಾಲು ಹೊರಟಂತೆ, ಆ ಊರುಗಳಿಗೆ ಹಿಂಡಿ, ಬೂಸಾ, ಪಶು ಆಹಾರಗಳ ಚೀಲಗಳು ಬರುತ್ತವೆ. ಹಿಂದೆ ಇವು ಸೆಣಬಿನ ಗೋಣಿಗಳಾಗಿದ್ದವು. ಹರಿದರೆ ಮಣ್ಣಿನಲ್ಲಿ ಮಣ್ಣಾಗುತ್ತಿದ್ದವು. ಇಂದಿನವು ಪಾಲಿಪ್ರೊಪಿಲೀನ್ ಪಟ್ಟಿಗಳಿಂದ ನೇಯ್ದವು. ಬಿಸಿಲಿನಲ್ಲಿ ಬಿದ್ದರೆ ಎಳೆಎಳೆಯಾಗಿ ಪುಡಿಯಾಗುತ್ತವೆಯೇ ಹೊರತು ಕೊಳೆಯುವುದಿಲ್ಲ.

ಆ ಎಳೆಗಳು ಮೇವಿನೊಡನೆ ಹಸುವಿನ ಹೊಟ್ಟೆಯನ್ನು ಸೇರುತ್ತವೆ. ಅವು ಜೀರ್ಣವಾಗವು, ಸುಲಭವಾಗಿ ಹೊರಗೂ ಹೋಗವು; ಮೊದಲ ಹೊಟ್ಟೆಯಲ್ಲಿ ಉಂಡೆಗಟ್ಟಿ ಆಹಾರದ ಸ್ಥಳವನ್ನು ಆಕ್ರಮಿಸುತ್ತವೆ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದೆ. ಹಸುವಿನ ಬಾಯಿಗೆ ಕುಕ್ಕೆ ಕಟ್ಟಿ ಮೇವು ತಪ್ಪಿಸುವವನು ಕೊನೆಯ ಅತಿಚಾರಕ್ಕೆ ಗುರಿಯಾಗುತ್ತಾನೆಂದು ನಾವೆಲ್ಲರೂ ಒಪ್ಪುತ್ತೇವೆ. ಹೊಟ್ಟೆಯೊಳಗೆ ಪ್ಲಾಸ್ಟಿಕ್ ತುಂಬಿ ಮೇವು ತಪ್ಪಿದರೆ, ಅದು ಬೇರೆ ಹೇಗಾದೀತು? ಅನ್ನವನ್ನು ಹೊತ್ತು ತಂದ ಚೀಲವೇ ಅನ್ನವನ್ನು ತಡೆಯುವ ಸಾಧನವಾಗುತ್ತದೆ. ಇಲ್ಲಿ ಕೊಲ್ಲುವ ಸಂಕಲ್ಪ ಯಾರಿಗೂ ಇಲ್ಲ, ನಿಜ. ಆದರೆ ಪ್ರಮಾದವನ್ನು ನಮ್ಮ ಆಚಾರ್ಯರು ಹಿಂಸೆಯ ಮೂಲದಲ್ಲಿಯೇ ಇಟ್ಟಿದ್ದಾರೆ.

ಈ ಚೀಲವನ್ನು ಕೈಚೀಲವಾಗಿ ಹೊಲಿಯುವುದು ಕಷ್ಟದ ಕೆಲಸವಲ್ಲ. ಬಾಯಿಯ ಸರಪಳಿ ಹೊಲಿಗೆಯ ಸರಿಯಾದ ತುದಿಯನ್ನು ಎಳೆದರೆ ದಾರ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ಒಳಗೆ ಉಳಿದ ಹಿಂಡಿಯ ಪುಡಿ ಬೂಷ್ಟು ಹಿಡಿಯುವುದರಿಂದ, ಒಳಭಾಗವನ್ನು ಹೊರಗೆ ತಿರುವಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಅಡ್ಡಲಾಗಿ ಎರಡು ತುಂಡು ಮಾಡಿದರೆ ಎರಡು ಕೈಚೀಲಗಳಾಗುತ್ತವೆ. ಕೆಳತುಂಡಿಗೆ ತಳದ ಹೊಲಿಗೆ ಮೊದಲೇ ಇರುತ್ತದೆ. ಅಂಚನ್ನು ಎರಡು ಮಡಿಕೆ ಮಡಿಸಿ, ದಪ್ಪ ಸೂಜಿಯಿಂದ ಹೊಲಿಯದಿದ್ದರೆ ಎಳೆ ಬಿಡುತ್ತದೆ. ಕತ್ತರಿಸಿದ ಚೂರುಗಳನ್ನು ಗುಡಿಸಿ ಒಟ್ಟುಮಾಡಬೇಕು. ಅವುಗಳನ್ನು ಬೀದಿಗೆ ಎಸೆದರೆ ಮಾಡಿದ ಕೆಲಸವೇ ವ್ಯರ್ಥ. ಬಿಡಿ ಹಿಟ್ಟು, ಬೇಳೆಗಳನ್ನು ಈ ಚೀಲಕ್ಕೆ ನೇರವಾಗಿ ತುಂಬಲಾಗದು.

ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಕೋಳಿ ಆಹಾರದ ಚೀಲವನ್ನು ನಾವು ಮುಟ್ಟಬಹುದೇ? ಕೃತ, ಕಾರಿತ, ಅನುಮೋದನ ಎಂಬ ಮೂರು ಒರೆಗಲ್ಲುಗಳಿಂದ ಪರೀಕ್ಷಿಸೋಣ. ಆ ಹಕ್ಕಿಗಳನ್ನು ನಾವು ಕೊಂದಿಲ್ಲ. ಖಾಲಿ ಚೀಲ ಮಾರುವ ಆಸೆಯಿಂದ ಯಾರೂ ಕೋಳಿ ಸಾಕುವುದಿಲ್ಲವಾದ್ದರಿಂದ ಕೊಲ್ಲಿಸಿದಂತೆಯೂ ಆಗುವುದಿಲ್ಲ. ಉಳಿದದ್ದು ಅನುಮೋದನ; ಅದು ಮನಸ್ಸಿಗೆ ಸೇರಿದ್ದು. ಆ ಚೀಲ ಕಂಡರೆ ಮನಸ್ಸು ಹೇಸುವವರು ತಾವು ಬಳಸದಿರಲಿ. ಆ ಸೂಕ್ಷ್ಮತೆ ಗೌರವಾರ್ಹ. ಆದರೆ ಹೇಸಿಗೆಯಿಂದ ಅದನ್ನು ದಾರಿಯಲ್ಲಿ ಬಿಟ್ಟು, ನಾಳೆ ಹಸುವೊಂದು ಅದರ ಎಳೆಯನ್ನು ನುಂಗಿದರೆ, ನಮ್ಮ ಕೈ ಮಾತ್ರ ಶುದ್ಧವಾಗಿ ಉಳಿದಿರುತ್ತದೆ. ತನ್ನ ಶುದ್ಧಿಗಿಂತ ಪರಜೀವದ ರಕ್ಷಣೆ ಹಿರಿದಲ್ಲವೆ?

ಹೊಲಿದರೂ ಅದು ಪ್ಲಾಸ್ಟಿಕ್ಕೇ, ಎಂದಾದರೂ ಕಸವಾಗುವುದೇ ಎಂಬ ಆಕ್ಷೇಪವೂ ಸತ್ಯ. ಹೊಲಿಗೆ ಕಸವನ್ನು ನಾಶಮಾಡದು, ಮುಂದೂಡುತ್ತದೆ. ಆದರೆ ಆ ಅವಧಿಯಲ್ಲಿ ಅದು ಎಷ್ಟೋ ತೆಳು ಚೀಲಗಳನ್ನು ಮನೆಗೆ ಬಾರದಂತೆ ತಡೆಯುತ್ತದೆ. 1936ರಲ್ಲಿ ಸ್ಥಾಪಿತವಾದ ಕಾಗದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಯಲ್ಲಿಯೂ ಕಾಗದದ ಪೊಟ್ಟಣದ ಸ್ಥಾನವನ್ನು ಪ್ಲಾಸ್ಟಿಕ್ ಆಕ್ರಮಿಸಿತು. ರಾಜ್ಯ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ನಿಯಮವು 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದವನ್ನು ದೇಶದಾದ್ಯಂತ ನಿಷೇಧಿಸಿದೆ. ಕಾನೂನು ಮಾರುವವನನ್ನು ತಡೆಯಬಹುದು. ಬರಿಗೈಯಲ್ಲಿ ಅಂಗಡಿಗೆ ಹೋಗುವ ಅಭ್ಯಾಸವನ್ನು ನಾವೇ ಬಿಡಬೇಕು.

ಇನ್ನೆರಡು ಎಚ್ಚರಿಕೆಗಳು ಅವಶ್ಯ. ದನ ಸಾಕುವ ಬಡವನಿಗೆ ಖಾಲಿ ಚೀಲ ಕಸವಲ್ಲ. ಹುಲ್ಲು ಹೊರಲು, ಧಾನ್ಯ ಹರವಲು, ಸೂರಿನ ಸೋರಿಕೆ ಮುಚ್ಚಲು ಅದೇ ಆಧಾರ. ಅವನಿಂದ ಪಡೆಯುವಾಗ ನ್ಯಾಯವಾದ ಬೆಲೆ ಕೊಡಬೇಕು, ಹೊಲಿಯುವವರಿಗೆ ತಕ್ಕ ಕೂಲಿ ಸಲ್ಲಬೇಕು. ಎರಡನೆಯದಾಗಿ, ಮನೆಯಲ್ಲಿ ಎರಡು ಚೀಲ ಸಾಕಾಗುವಲ್ಲಿ ಇಪ್ಪತ್ತನ್ನು ಕೂಡಿಟ್ಟರೆ ಅದೂ ಪರಿಗ್ರಹವೇ. ಗಾಂಧಿ ಬಜಾರಿಗೆ ಹೊರಡುವಾಗ ಕೈಯಲ್ಲಿ ಒಂದು ಚೀಲವಿರಲಿ. ಅದು ಹರಿದರೆ ತೇಪೆ ಹಾಕಿರಿ. ತೇಪೆಯೂ ನಿಲ್ಲದಾದಾಗ ಒಣಕಸ ಒಯ್ಯುವವರ ಕೈಗೇ ಒಪ್ಪಿಸಿರಿ. ಆ ಚೀಲದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ಅದಕ್ಕೆ ಮುಂಚೆ ಅಲ್ಲ.