ಕೋಶ ಮನೆಗೇ ಬಂದರೆ ಸಾಕೇ?

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ಎರಡರಲ್ಲಿ ಒಂದು ಮಾಡಿದರೆ ಸಾಕು ಎಂದು ಅವರು ಹೇಳಲಿಲ್ಲ. ಈಗ ಕೋಶವೇ ಮೊಬೈಲಿನೊಳಗೆ ಕುಳಿತು ಮನೆಗೆ ಬಂದಿದೆ. ವಿಶ್ವವಿದ್ಯಾಲಯದ ಪಾಠವನ್ನು ಅಡುಗೆಮನೆಯಲ್ಲಿ ನಿಂತೇ ಕೇಳಬಹುದು. ಹಾಗಿದ್ದ ಮೇಲೆ ಹೆಣ್ಣುಮಗಳು ಹೊಸ್ತಿಲು ದಾಟಿ ಹೋಗಬೇಕಾದರೂ ಯಾಕೆ ಎಂಬ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತಿದೆ.

ದೂರದಿಂದ ಪಾಠ ಕೇಳುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಉಪಗ್ರಹದ ಮೂಲಕ ಪಾಠ ಹೇಳಿಸಿದ ದೇಶದ ಮೊದಲಿಗರಲ್ಲೊಂದು. ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹವು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಆ ಯೋಜನೆಯ ಮೊದಲ ಪ್ರಯೋಗ ಇನ್ಸಾಟ್-3ಬಿ ಉಪಗ್ರಹದ ಮೂಲಕ ನಡೆದಾಗ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಇದೂ ಇತ್ತು. ನುರಿತ ಅಧ್ಯಾಪಕರು ದೊಡ್ಡ ಊರುಗಳಲ್ಲೇ ನಿಲ್ಲುತ್ತಾರೆ. ಅವರ ಪಾಠ ಸಣ್ಣ ಊರಿನ ಕಾಲೇಜಿಗೂ ಮುಟ್ಟಲಿ ಎಂಬುದು ನ್ಯಾಯವಾದ ಆಸೆ. ಆದರೆ ಒಂದು ಮಾತು ಗಮನಿಸಬೇಕು. ಅಂದು ಆಕಾಶದಿಂದ ಇಳಿದ ಪಾಠ ಬಂದು ಸೇರಿದ್ದು ಕಾಲೇಜಿನ ಕೋಣೆಗೆ. ಅದನ್ನು ಕೇಳಲು ಹುಡುಗಿ ಮನೆಯಿಂದ ಹೊರಡಲೇಬೇಕಿತ್ತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ಪಾಠದ ಜಾಗವೇ ಬದಲಾಯಿತು. ಮನೆಗೊಂದೇ ಫೋನು ಇದ್ದಲ್ಲಿ ಅದು ಮೊದಲು ಮಗನ ಕೈಗೆ ಹೋಯಿತು. ಮಗಳು ಅವನ ಪಾಠ ಮುಗಿಯಲೆಂದು ಕಾದಳು. ಕಾಯುವಾಗ ಸುಮ್ಮನೆ ಕೂಡಲಿಲ್ಲ, ರೊಟ್ಟಿ ಬಡಿದಳು. ಕಾಲೇಜುಗಳು ಮತ್ತೆ ತೆರೆದ ಮೇಲೆ ನಮ್ಮ ನಾಗನೂರಿನಲ್ಲಿ ಪರಿಚಯದ ರೈತರೊಬ್ಬರು ನನ್ನನ್ನು ಕೇಳಿದರು: “ಅಕ್ಕಾರ, ಪಾಠ ಎಲ್ಲಾ ಮೊಬೈಲದಾಗ ಬರತಾವಲ್ರೀ. ಹುಡಿಗೀನ್ನ ದಿನಾ ಬಸ್ಸಿಗೆ ಯಾಕ ಕಳಸೂದು?” ಅವರದು ಕೆಟ್ಟ ಮನಸ್ಸಲ್ಲ, ಮಗಳ ಮೇಲಿನ ಕಾಳಜಿ. ಆದರೆ ಒಳಗಿನಿಂದ ಅವರ ಹೆಂಡತಿ ಅಂದ ಮಾತಿನಲ್ಲಿ ಸತ್ಯವಿತ್ತು: “ಮನ್ಯಾಗ ಇದ್ದಾಕಿಗೆ ಕೆಲಸ ಹೇಳದ ಹೆಂಗ ಇರೂದ್ರೀ?”

ಮೂಡಲಗಿಗೋ ಗೋಕಾಕಕ್ಕೋ ಹೋಗುವ ಹುಡುಗಿ ಬಸ್ಸಿನಲ್ಲಿ ಏನೇನು ಕಲಿಯುತ್ತಾಳೆ ಎಂಬುದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ. ಗೆಳತಿಯರೊಡನೆ ಜಗಳವಾಡಿ ಒಂದಾಗುವುದು, ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟು ರಸೀದಿ ಕೇಳುವುದು, ಗ್ರಂಥಾಲಯದಲ್ಲಿ ಒಬ್ಬಳೇ ಕೂಡುವುದು, ಇವೆಲ್ಲ ದೇಶ ಸುತ್ತುವ ವಿದ್ಯೆಯೇ. ಮೇಲಾಗಿ ದಿನಕ್ಕೆ ಐದಾರು ತಾಸು ಅವಳನ್ನು ಯಾರೂ ನೀರು ತಾ ಎಂದು ಕರೆಯುವುದಿಲ್ಲ.

ಹಾಗೆಂದು ಮನೆಗೆ ಬಂದ ಪಾಠವನ್ನು ಹಳಿಯಲಾರೆ. ಹದಿನೆಂಟಕ್ಕೆ ಮದುವೆಯಾಗಿ ಮೂವತ್ತೈದಕ್ಕೆ ಮತ್ತೆ ಪುಸ್ತಕ ಹಿಡಿಯುವ ಸೊಸೆಗೆ ಬೇರೆ ದಾರಿ ಎಲ್ಲಿದೆ? ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಅಂಚೆಯಲ್ಲಿ ಬಂದ ಪಾಠ ಎಷ್ಟೋ ಹೆಂಗಸರನ್ನು ಪದವೀಧರರನ್ನಾಗಿ ಮಾಡಿತು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ಜಾಲತಾಣದಲ್ಲಿ ಇಂದು ದೇಶದ ಹೆಸರಾಂತ ಅಧ್ಯಾಪಕರ ಪಾಠಗಳು ಶುಲ್ಕವಿಲ್ಲದೆ ಸಿಗುತ್ತವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಹಣ ಕಟ್ಟಬೇಕು. ಹೊಸ್ತಿಲು ದಾಟಲಾರದವಳಿಗೆ ಇದು ಕಿಟಕಿ. ಆದರೆ ದಾಟಬಲ್ಲವಳಿಗೆ ಕಿಟಕಿ ತೋರಿಸಿ ಬಾಗಿಲು ಹಾಕುವುದು ಅನ್ಯಾಯ. ಒಂದೇ ಸಾಧನ ಒಬ್ಬಳಿಗೆ ಬಿಡುಗಡೆ, ಇನ್ನೊಬ್ಬಳಿಗೆ ಬಂಧನ ಆಗುವುದು ಹೀಗೆ.

ಇದರಲ್ಲಿ ವಿಶ್ವವಿದ್ಯಾಲಯದ ಹೊಣೆಯೂ ಇದೆ. ಪಾಠ ಕಳಿಸಿದೆವು, ನಮ್ಮ ಕೆಲಸ ಮುಗಿಯಿತು ಎನ್ನುವಂತಿಲ್ಲ. ತಾಲೂಕಿಗೊಂದು ಓದುವ ಕೋಣೆ, ತಿಂಗಳಿಗೆರಡು ದಿನ ಮುಖಾಮುಖಿ ಪಾಠ, ಸಂದೇಹ ಕೇಳಲು ಒಬ್ಬ ಜೀವಂತ ಗುರು, ಇಷ್ಟಾದರೂ ಬೇಕು. ಮನೆಯಿಂದ ಹೊರಡಲು ಹೆಣ್ಣಿಗೆ ಒಂದು ಕಾರಣ ಬೇಕಾಗುತ್ತದೆ. ಆ ಕಾರಣವನ್ನು ಕೊಡುವುದೂ ಶಿಕ್ಷಣದ ಕೆಲಸವೇ.

ಉಳಿದದ್ದು ನಮ್ಮ ಕೈಯಲ್ಲಿದೆ, ಅಂದರೆ ತಾಯಿ, ಅತ್ತೆ ಎನಿಸಿಕೊಂಡ ನಮ್ಮ ಕೈಯಲ್ಲಿ. ಸೊಸೆ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳುತ್ತಿದ್ದರೆ ಆ ಒಂದು ತಾಸು ಒಲೆಯ ಮುಂದೆ ನಾವು ನಿಲ್ಲೋಣ. ಮಗಳು ಬಸ್ಸಿಗೆ ಹೊರಟರೆ ಬುತ್ತಿ ಕಟ್ಟಿಕೊಡೋಣ.