ನೀರಿಗೆ ಹೆದರುವವನ ತವಕ್ಕುಲ್

ನೀವು ನೀರಿಗೆ ಹೆದರುತ್ತೀರಾ? ಹೌದೆಂದಾದರೆ ಈ ಲೇಖನ ನಿಮಗಾಗಿ. ಇಲ್ಲವೆಂದಾದರೂ ಓದಿರಿ. ನಿಮ್ಮ ಮನೆಯಲ್ಲೇ ಹಾಗೆ ಹೆದರುವವರು ಒಬ್ಬರಾದರೂ ಇದ್ದಾರು.

ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಹೊಳೆ, ಕೆರೆ, ಬಾವಿಗಳ ಮಗ್ಗುಲಲ್ಲೇ ಬಾಳುವ ಕುಟುಂಬಗಳು ಅಸಂಖ್ಯ. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಈಜು ಬಾರದು. ಬಾಲ್ಯದಲ್ಲಿ ಯಾರೂ ಕಲಿಸಲಿಲ್ಲ. ದೊಡ್ಡವರಾದ ಮೇಲೆ ಕಲಿಯುವ ಮಾತೆತ್ತಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, "ಈ ವಯಸ್ಸಿನಲ್ಲಿ ಮಕ್ಕಳ ನಡುವೆ ನಿಂತು ಕೈಕಾಲು ಬಡಿಯುವುದೇ? ನೋಡಿದವರು ಏನೆಂದಾರು?" ಇನ್ನೊಂದು, "ನೀರಿನಲ್ಲಿ ಸಾವು ಬರೆದಿದ್ದರೆ ಈಜು ಬಂದರೂ ತಪ್ಪದು. ಬರೆದಿಲ್ಲವಾದರೆ ಯಾರೂ ಮುಳುಗಿಸಲಾರರು. ಅಲ್ಲಾಹನ ಮೇಲೆ ಭರವಸೆಯಿಟ್ಟರೆ ಸಾಕು." ಇವರಿಗೆ ವಿರುದ್ಧವಾಗಿ ದಡದಲ್ಲಿ ನಿಂತು ಕೂಗುವವರೂ ಇದ್ದಾರೆ: "ಈಮಾನ್ ಇದ್ದವನಿಗೆ ಹೆದರಿಕೆ ಯಾಕೆ? ಹಾರು!"

ಹಾಗಾದರೆ ಭಯವೆಂಬುದು ವಿಶ್ವಾಸದ ಕೊರತೆಯೇ? ಭರವಸೆಯಿರುವವನು ಕಲಿಯಬೇಕಾಗಿಲ್ಲವೇ? ಈ ಪ್ರಶ್ನೆಗಳನ್ನು ನೀರಿನ ಬಳಿಯೇ ಇಟ್ಟು ನೋಡೋಣ.

ನಲ್ವತ್ತು ದಾಟಿದ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಿ. ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಕಾಲ ಕೆಳಗೆ ನೆಲವಿದೆ, ಪಕ್ಕದಲ್ಲಿ ಕಲಿಸುವವರಿದ್ದಾರೆ. "ಹಿಂದಕ್ಕೆ ಒರಗಿ, ತಲೆಯನ್ನು ನೀರಿನ ಮೇಲೆ ಬಿಡಿ" ಎನ್ನುತ್ತಾರೆ ಗುರುಗಳು. ಒರಗಿದ ಮರುಕ್ಷಣವೇ ಇವರ ಕುತ್ತಿಗೆ ಸೆಟೆಯುತ್ತದೆ, ಉಸಿರು ಕಟ್ಟುತ್ತದೆ, ತಲೆ ತಾನಾಗಿ ಮೇಲೇಳುತ್ತದೆ. ತಲೆ ಎತ್ತಿದೊಡನೆ ಸೊಂಟ ಮತ್ತು ಕಾಲುಗಳು ಕೆಳಗಿಳಿಯುತ್ತವೆ. ಮುಳುಗಿದೆನೆಂದು ಬೆದರಿ ಕೈ ಬಡಿಯುತ್ತಾರೆ. ಬಡಿದಷ್ಟೂ ದಣಿವು, ದಣಿದಷ್ಟೂ ಮುಳುಗುವ ಭೀತಿ. ಅವರನ್ನು ಮುಳುಗಿಸುತ್ತಿರುವುದು ನೀರಲ್ಲ, ನೀರಿನಿಂದ ತಪ್ಪಿಸಿಕೊಳ್ಳುವ ಅವರ ಆತುರ.

ಸೃಷ್ಟಿಕರ್ತನು ನೀರಿಗೂ ದೇಹಕ್ಕೂ ಒಂದು ನಿಯಮವನ್ನಿಟ್ಟಿದ್ದಾನೆ. ಮನುಷ್ಯ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಶ್ವಾಸಕೋಶದಲ್ಲಿ ಗಾಳಿ ತುಂಬಿದಾಗ ಹೆಚ್ಚಿನವರ ದೇಹ ನೀರಿಗಿಂತ ಸ್ವಲ್ಪ ಹಗುರವಾಗುತ್ತದೆ. ಉಪ್ಪು ನೀರು ಸಿಹಿನೀರಿಗಿಂತ ನೂರಕ್ಕೆ ಎರಡು ಮೂರು ಪಾಲು ಹೆಚ್ಚು ಸಾಂದ್ರವಾದ್ದರಿಂದ ಅಲ್ಲಿ ತೇಲುವುದು ಇನ್ನೂ ಸುಲಭ. ಶಾಂತವಾದ ನೀರಿನಲ್ಲಿ ಬೆನ್ನ ಮೇಲೆ ಮಲಗಿ, ಕಿವಿಗಳು ಮುಳುಗುವಷ್ಟು ತಲೆಯನ್ನು ಹಿಂದಕ್ಕಿಟ್ಟು, ನಿಧಾನವಾಗಿ ಉಸಿರಾಡಿದರೆ ಹೆಚ್ಚಿನವರ ಮುಖ ನೀರಿನ ಮೇಲೆಯೇ ಇರುತ್ತದೆ. ಆದ್ದರಿಂದಲೇ ತಿಳಿದ ಗುರುಗಳು ಮೊದಲ ದಿನವೇ ಕೈ ಬೀಸುವುದನ್ನು ಕಲಿಸುವುದಿಲ್ಲ. ನೀರಿನೊಳಗೆ ಮುಖವಿಟ್ಟು ಉಸಿರು ಬಿಡುವುದನ್ನು, ಅನಂತರ ತೇಲುವುದನ್ನು, ತೇಲುತ್ತಿರುವಾಗಲೇ ಮತ್ತೆ ಎದ್ದು ನಿಲ್ಲುವುದನ್ನು ಕಲಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಒಣಗಿದ ಸೋರೆ ಬುರುಡೆಯನ್ನೋ ಒಣ ತೆಂಗಿನಕಾಯಿಗಳನ್ನೋ ಮಕ್ಕಳ ಸೊಂಟಕ್ಕೆ ಕಟ್ಟಿ ನೀರಿಗಿಳಿಸುತ್ತಿದ್ದರು. ಆಸರೆ ಕೊಟ್ಟು, ಅಭ್ಯಾಸವಾದ ಹಾಗೆಲ್ಲ ಆಸರೆಯನ್ನು ಕಡಿಮೆ ಮಾಡುವುದೇ ಆ ಪದ್ಧತಿಯ ತಿರುಳು.

ಮಗು ಬೇಗ ಕಲಿಯುತ್ತದೆ, ಹಿರಿಯರು ನಿಧಾನ. ಏಕೆ? ಮಗುವಿಗೆ ಹಿಡಿದ ಕೈಯ ಮೇಲೆ ನಂಬಿಕೆ. ಹಿರಿಯರಿಗೆ ಮುಳುಗಿ ಸತ್ತವರ ಸುದ್ದಿಗಳು ಗೊತ್ತು, ತಮ್ಮನ್ನೇ ನೆಚ್ಚಿದ ಮಡದಿ ಮಕ್ಕಳ ನೆನಪಿದೆ. ಅವರ ಭಯ ಅರಿವಿನಿಂದ ಹುಟ್ಟಿದ್ದು. ಅದಕ್ಕಾಗಿ ಅವರು ತಲೆ ತಗ್ಗಿಸಬೇಕಾಗಿಲ್ಲ. ಮಾಂತ್ರಿಕರ ಹಗ್ಗಗಳು ಹರಿದಾಡುವಂತೆ ಕಂಡಾಗ ಪ್ರವಾದಿ ಮೂಸಾ(ಅ)ರ ಮನಸ್ಸಿನಲ್ಲೂ ಭಯ ಮೂಡಿತೆಂದು ಪವಿತ್ರ ಕುರ್‌ಆನ್ ಮರೆಮಾಚದೆ ತಿಳಿಸುತ್ತದೆ. ಪ್ರವಾದಿಯೊಬ್ಬರ ಎದೆಯಲ್ಲಿ ಮೂಡಿದ ಭಯ ಅವರ ಈಮಾನನ್ನು ಕುಂದಿಸಲಿಲ್ಲ. ಹಾಗಿರುವಾಗ ಈಜುಕೊಳದ ಮೆಟ್ಟಲ ಮೇಲೆ ನಡುಗುವ ಒಬ್ಬ ಸಾಮಾನ್ಯ ವಿಶ್ವಾಸಿಯನ್ನು ನಾವು ಹಂಗಿಸುವುದು ಯಾವ ನ್ಯಾಯ?

ಅದೇ ಮೂಸಾ(ಅ)ರ ತಾಯಿಯನ್ನು ನೆನೆಯಿರಿ. ಹಸುಗೂಸನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಡುವಂತೆ ಆಕೆಗೆ ಆದೇಶವಾಯಿತು, ಮಗು ಮರಳಿ ಬರುವುದೆಂಬ ವಾಗ್ದಾನವೂ ದೊರೆಯಿತು. ಆಕೆ ಬಿಟ್ಟರು. ಆದರೆ ಹೃದಯ ಬರಿದಾಗಿ ಹೋಯಿತು, ಅಲ್ಲಾಹನು ಅದನ್ನು ಬಿಗಿಹಿಡಿಯದಿದ್ದರೆ ಗುಟ್ಟು ಹೊರಬೀಳುತ್ತಿತ್ತು ಎಂದು ಕುರ್‌ಆನ್ ಹೇಳುತ್ತದೆ. ಇಷ್ಟಾದ ಮೇಲೆ ಆಕೆ ಮಾಡಿದ್ದೇನು? ಕೈಕಟ್ಟಿ ಕೂರಲಿಲ್ಲ. ಮಗಳನ್ನು ಕರೆದು ಆತನ ಜಾಡು ಹಿಡಿದು ಹೋಗು ಎಂದರು. ಒಬ್ಬ ತಾಯಿಯ ಎದೆಯಲ್ಲಿ ಭಯವೂ ಭರವಸೆಯೂ ಮುಂಜಾಗ್ರತೆಯೂ ಒಟ್ಟಿಗೇ ಇದ್ದುವು. ಇವು ಮೂರೂ ಒಂದರ ಶತ್ರು ಇನ್ನೊಂದಲ್ಲ.

ತವಕ್ಕುಲ್ ಎಂಬ ಪದವೂ ನಮ್ಮ ಕೋರ್ಟು ಕಚೇರಿಯ 'ವಕೀಲ' ಎಂಬ ಪದವೂ ಒಂದೇ ಅರಬಿ ಧಾತುವಿನಿಂದ ಬಂದವು. ವಕೀಲರಿಗೆ ವಕಾಲತ್ತು ಕೊಟ್ಟವನು ದಾಖಲೆ ಪತ್ರಗಳನ್ನು ತಂದುಕೊಡಬೇಕು, ಕರೆದ ದಿನ ಹಾಜರಾಗಬೇಕು. ಮನೆಯಲ್ಲಿ ಮಲಗಿಕೊಂಡು "ವಕೀಲರ ಮೇಲೆ ಭರವಸೆಯಿದೆ" ಎನ್ನುವಂತಿಲ್ಲ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಭರವಸೆಯ ಮೂರು ದರ್ಜೆಗಳನ್ನು ವಿವರಿಸಿದ್ದಾರೆ. ಮೊದಲನೆಯದು, ಸಮರ್ಥ ವಕೀಲನ ಮೇಲೆ ಕಕ್ಷಿಗಾರನು ಇಡುವ ಭರವಸೆ. ಎರಡನೆಯದು, ತಾಯಿಯ ಮೇಲೆ ಮಗುವಿಡುವ ಭರವಸೆ. ಮೂರನೆಯದು, ಸ್ನಾನ ಮಾಡಿಸುವವನ ಕೈಯಲ್ಲಿ ಮಯ್ಯಿತ್ ಇರುವಂತೆ ಸಂಪೂರ್ಣವಾಗಿ ಒಪ್ಪಿಸಿಕೊಳ್ಳುವುದು. ಈ ಕೊನೆಯದು ಬಹಳ ಅಪರೂಪವೆಂದೂ ಅವರು ಹೇಳಿದ್ದಾರೆ. ಜೊತೆಗೆ, ಮುಂದಿರುವ ಅನ್ನಕ್ಕೆ ಕೈಚಾಚದೆ ಕೂರುವುದು ಭರವಸೆಯಲ್ಲ, ಹುಚ್ಚು ಎಂದೂ ಎಚ್ಚರಿಸಿದ್ದಾರೆ.

ನೀರಿಗೆ ಹೆದರುವವನು ಮೊದಲನೆಯ ದರ್ಜೆಯಿಂದ ತೊಡಗಿದರೆ ಸಾಕು. ಅಲ್ಲಾಹನು ನೀರಿನಲ್ಲಿಟ್ಟಿರುವ ನಿಯಮವನ್ನು ಅರಿಯುವುದು, ಬಲ್ಲ ಗುರುವನ್ನು ಹುಡುಕುವುದು, ಆಳವಿಲ್ಲದ ಕಡೆ ಇಳಿಯುವುದು. ಒಂಟೆಯನ್ನು ಕಟ್ಟಿಹಾಕಿ ಭರವಸೆಯಿಡಬೇಕೆಂಬ ಪ್ರವಾದಿ(ಸ)ರ ಬೋಧನೆಯಲ್ಲಿ ಇದೇ ಕಟ್ಟುವ ಭಾಗ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಕಟ್ಟಿದ ಮೇಲೆ ಭರವಸೆಯನ್ನೂ ಇಡಬೇಕಷ್ಟೆ? ನೆಲವಿದೆ, ಗುರುವಿದ್ದಾರೆ, ನಿಯಮ ತಿಳಿದಿದೆ. ಆದರೂ ಕೆಲವರು ತಿಂಗಳುಗಟ್ಟಲೆ ಗೋಡೆಯ ಕಂಬಿ ಬಿಡುವುದಿಲ್ಲ. ಭಯವು ನಮ್ಮನ್ನು ಸಿದ್ಧತೆಗೆ ಎಬ್ಬಿಸುವ ಸೇವಕ. ಸಿದ್ಧತೆ ಮುಗಿದ ಮೇಲೂ ಅದು ಯಜಮಾನನಂತೆ ಆಜ್ಞೆ ಮಾಡುತ್ತಿದ್ದರೆ ಅದನ್ನು ಮೆಲ್ಲನೆ ಪಕ್ಕಕ್ಕೆ ಕೂರಿಸಬೇಕು. ಭಯ ಹೋಗಲಿ, ಆಮೇಲೆ ಕೈಬಿಡುತ್ತೇನೆ ಎಂದು ಕಾದವನಿಗೆ ಈಜು ಬಂದದ್ದಿಲ್ಲ. ಕೈಬಿಟ್ಟ ಮೇಲೆ, ನೀರು ಹೊತ್ತುಕೊಂಡಿತೆಂದು ಬೆನ್ನಿಗೆ ತಿಳಿದ ಮೇಲೆ, ಭಯ ಇಳಿಯುತ್ತದೆ.

ಹಾಗಾದರೆ ಭರವಸೆಗೂ ದುಡುಕಿಗೂ ಏನು ವ್ಯತ್ಯಾಸ? ಹೊರನೋಟಕ್ಕೆ ಇಬ್ಬರೂ ಕೈಬಿಟ್ಟವರೇ. ಆದರೆ ಭರವಸೆಯಿರುವವನಿಗೆ ತಾನು ಯಾವುದರ ಮೇಲೆ ಒರಗಿದ್ದೇನೆಂದು ಗೊತ್ತು. ದುಡುಕುವವನ ಕಣ್ಣು ದಡದಲ್ಲಿ ನೋಡುತ್ತಿರುವವರ ಮೇಲೆ. ಇಲ್ಲೊಂದು ಸೂಕ್ಷ್ಮವಿದೆ. ನಾಚಿಕೆಯಿಂದ ನೀರಿಗಿಳಿಯದವನು, ಜಂಬದಿಂದ ಮಡುವಿಗೆ ಹಾರುವವನು ಇಬ್ಬರೂ ಕೇಳುತ್ತಿರುವ ಪ್ರಶ್ನೆ ಒಂದೇ: "ನೋಡಿದವರು ಏನೆಂದಾರು?" ನೀರಿನ ಭಯ ಪ್ರಾಮಾಣಿಕವಾದದ್ದು, ಅದಕ್ಕೆ ಮದ್ದಿದೆ. ಜನರ ಭಯವೇ ಒಳಗಿನ ರೋಗ. ಹತ್ತು ವರ್ಷದ ಹುಡುಗನ ಮುಂದೆ ನಲ್ವತ್ತರ ಪ್ರಾಯದಲ್ಲಿ ನೀರು ಕುಡಿದು ಕೆಮ್ಮಲು ಒಪ್ಪಿದವನು ಆ ರೋಗದ ಬೇರಿಗೇ ಕೊಡಲಿಯಿಟ್ಟಂತೆ.

ನೀರಿನಲ್ಲಿ ಮುಳುಗಿ ಸತ್ತವನಿಗೆ ಶಹೀದನ ಪದವಿಯಿದೆಯೆಂದು ಪ್ರವಾದಿ(ಸ) ಶುಭವಾರ್ತೆ ನೀಡಿದ್ದಾರೆ. ಅದು ಕಳೆದುಕೊಂಡ ಕುಟುಂಬಕ್ಕೆ ಸಾಂತ್ವನ. ಅದನ್ನು ನಮ್ಮ ಉದಾಸೀನತೆಗೆ ಪರವಾನಗಿ ಮಾಡಿಕೊಳ್ಳಬಾರದು. ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ದೂಡಿಕೊಳ್ಳಬಾರದೆಂದು ಕುರ್‌ಆನ್ ತಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಮುಳುಗಿ ಮೃತಪಟ್ಟರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ನಮ್ಮ ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಓದುತ್ತೇವೆ: ಒಬ್ಬ ಮುಳುಗಿದ, ಎಳೆಯಲು ಹೋದ ಅಣ್ಣನೂ ಮುಳುಗಿದ. ಈಜು ಬಾರದವನ ಪ್ರೀತಿ ಒಂದು ಸಾವನ್ನು ಎರಡು ಮಾಡುತ್ತದೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು ನಾವು ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಉಳಿಸುವ ವಿದ್ಯೆಯನ್ನು ಕಲಿಯದೆ ಆ ಮಾತನ್ನು ಹೇಳಿದರೆ ಸಾಕೇ? ಈಜು ಕಲಿಯುವುದನ್ನು ಪ್ರವಾದಿ(ಸ) ವ್ಯರ್ಥ ವಿನೋದಗಳಿಂದ ಹೊರತುಪಡಿಸಿದ್ದಾರೆಂದು ಹದೀಸ್‌ನಲ್ಲಿ ವರದಿಯಾಗಿದೆ.

ಆದ್ದರಿಂದ ಓದುಗರೇ, ಕಲಿಯಿರಿ. ಒಬ್ಬರೇ ಇಳಿಯಬೇಡಿ. ಮಳೆಗಾಲದ ಹೊಳೆಯಲ್ಲೋ ಗುರುತಿಲ್ಲದ ಮಡುವಿನಲ್ಲೋ ಧೈರ್ಯ ಪರೀಕ್ಷಿಸಬೇಡಿ. ಕಲಿತ ಮೇಲೂ, ಮುಳುಗುತ್ತಿರುವವನ ಬಳಿಗೆ ಹಾರುವ ಮೊದಲು ಹಗ್ಗ, ಗಳ, ಸೀರೆ, ಖಾಲಿ ಕೊಡ ಏನಾದರೂ ಎಸೆಯಲು ಸಿಗುವುದೇ ನೋಡಿ. ನಿಮ್ಮ ಹೆಣ್ಣುಮಕ್ಕಳನ್ನು ಮರೆಯಬೇಡಿ. ಬಾವಿಕಟ್ಟೆಯಲ್ಲಿ, ಬಟ್ಟೆ ಒಗೆಯುವ ಹೊಳೆಯಲ್ಲಿ ನೀರಿನ ಹತ್ತಿರ ಹೆಚ್ಚು ಹೊತ್ತು ಇರುವವರು ಅವರೇ. ಮೈಮುಚ್ಚುವ ಉಡುಪು, ಮಹಿಳೆಯರಿಗೆಂದೇ ಪ್ರತ್ಯೇಕ ವೇಳೆ, ಮಹಿಳಾ ಶಿಕ್ಷಕಿ ಇವನ್ನು ಏರ್ಪಡಿಸುವುದು ಜಮಾಅತ್‌ನ ಹಿರಿಯರು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಹಯಾ ಎಂಬುದು ಕಲಿಯುವ ಕ್ರಮವನ್ನು ತಿದ್ದಬೇಕು, ಕಲಿಕೆಯನ್ನೇ ತಡೆಯಬಾರದು.

ಹೆದರಿಕೆಯಿದ್ದರೆ ಹೆದರಿಕೆಯೊಂದಿಗೇ ಬನ್ನಿ. ಬಿಸ್ಮಿಲ್ಲಾ ಎಂದು ಮೆಟ್ಟಲಿಳಿಯಿರಿ. ಗುರುಗಳ ಮಾತು ಕೇಳಿರಿ, ಉಸಿರು ಬಿಡಿರಿ, ತಲೆಯನ್ನು ಹಿಂದಕ್ಕೆ ಒರಗಿಸಿರಿ. ಕಟ್ಟಬೇಕಾದ ಒಂಟೆಯನ್ನು ನೀವು ಕಟ್ಟಿದ್ದೀರಿ. ಇನ್ನು ಕೈಬಿಡುವುದೂ ಇಬಾದತ್ತಿನ ಒಂದು ಭಾಗವೇ.